ಡೈರಿಗೆ ಎರಡನೇ ಕಂಪ್ಯೂಟರ್: ತರುವ ಮುಂಚೆ ತಿಳಿದಿರಬೇಕಾದದ್ದು

ಪಶುವೈದ್ಯಾಧಿಕಾರಿ, ರಿಪ್ಪನ್‌ಪೇಟೆ



"ಸರ್ವರ್ ಡೌನ್ ಇದೆ, ನಾಳೆ ಬನ್ನಿ." ಈ ಮಾತನ್ನು ನ್ಯಾಯಬೆಲೆ ಅಂಗಡಿಯಲ್ಲಿ ಕೇಳದವರು ನಮ್ಮ ಕಡೆ ಯಾರೂ ಇರಲಿಕ್ಕಿಲ್ಲ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿಗೆ ಸಾಲಿನಲ್ಲಿ ನಿಂತಾಗಲೂ ಕೇಳಿರುತ್ತೀರಿ. ಪಡಿತರವನ್ನಾದರೆ ಒಂದು ದಿನ ತಡವಾಗಿ ತಂದರೂ ನಡೆಯುತ್ತದೆ. ಹಾಲು ಹಾಗಲ್ಲ. ಸರ್ವರ್ ಇಲ್ಲ, ನಾಳೆ ಕರೆಯುತ್ತೇನೆ ಎಂದು ಹಸುವಿಗೆ ಹೇಳಲು ಬರುವುದಿಲ್ಲ.

ನಿಮ್ಮ ಹಾಲಿನ ಡೈರಿಯಲ್ಲಿಯೂ ಒಂದು ಸರ್ವರ್ ಇದೆ. ಅದಕ್ಕೆ ಆ ಹೆಸರು ಇಲ್ಲದಿರಬಹುದು. ಕಾರ್ಯದರ್ಶಿಯವರ ಮೇಜಿನ ಮೇಲೆ ಅಥವಾ ಹಾಲು ಅಳೆಯುವ ಕೌಂಟರಿನ ಪಕ್ಕದಲ್ಲಿ ಇರುವ, ಎಲ್ಲರ ಲೆಕ್ಕ ಹೊಟ್ಟೆಯಲ್ಲಿಟ್ಟುಕೊಂಡಿರುವ ಕಂಪ್ಯೂಟರೇ ಅದು. ಕೆಲವು ಸಂಘಗಳಲ್ಲಿ ಹಾಲು ಹಾಕುವ ಕೌಂಟರ್, ಪಶು ಆಹಾರ ಮಾರುವ ಕೋಣೆ, ಕಚೇರಿ ಎಲ್ಲ ಕಡೆಯ ಯಂತ್ರಗಳೂ ವೈರಿನ ಮೂಲಕ ಇದೊಂದಕ್ಕೇ ಜೋಡಿಸಿಕೊಂಡಿರುತ್ತವೆ. ಇನ್ನು ಕೆಲವು ಕಡೆ ಇರುವುದೇ ಒಂದು. ಎರಡೂ ಕಡೆ ಮಾತು ಒಂದೇ: ಅದು ಕೆಟ್ಟರೆ ಲೆಕ್ಕ ಎಲ್ಲಿ?

ಇದಕ್ಕೆ ಉತ್ತರವಾಗಿ ಸಂಘದಲ್ಲಿ ಇನ್ನೊಂದು ಕಂಪ್ಯೂಟರ್ ತರುವ ಮಾತು ಬಂದಾಗ "ಇರೋದೇ ಸಾಕಲ್ಲ, ಆ ದುಡ್ಡನ್ನ ಬೋನಸ್ ಕೊಡಿ" ಎನ್ನುವವರು ಇರುತ್ತಾರೆ. "ತಂದುಬಿಡಿ, ಆಮೇಲೆ ನೋಡೋಣ" ಎನ್ನುವವರೂ ಇರುತ್ತಾರೆ. ಎರಡಕ್ಕೂ ಮುಂಚೆ ಸ್ವಲ್ಪ ತಿಳಿದುಕೊಳ್ಳೋಣ.

ದನದ ಡಾಕ್ಟರಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಹಾಲು ಕಡಿಮೆಯಾಯಿತು ಎಂದು ನೀವು ಕರೆದಾಗ ಹಸುವನ್ನು ಮುಟ್ಟುವ ಮುಂಚೆ ನಾನು ಕೇಳುವುದು ಹದಿನೈದು ದಿನದ ಹಾಲಿನ ಚೀಟಿಯನ್ನು. ಜಿಡ್ಡು ತಟ್ಟನೆ ಇಳಿದಿದ್ದರೆ ಹುಲ್ಲು ಕಡಿಮೆಯಾಗಿ ಹಿಂಡಿ ಹೆಚ್ಚಾಯಿತೇ ಎಂದು ನೋಡುತ್ತೇನೆ. ಎಸ್‌ಎನ್‌ಎಫ್, ಅಂದರೆ ಜಿಡ್ಡು ಬಿಟ್ಟು ಉಳಿದ ಘನಾಂಶ, ದಿನದಿಂದ ದಿನಕ್ಕೆ ಕುಸಿಯುತ್ತಿದ್ದರೆ ಮೇವಿನಲ್ಲಿ ಸತ್ವ ಸಾಲದೇ, ಇಲ್ಲವೇ ಹೊರಗೆ ಕಾಣದ ಕೆಚ್ಚಲು ಬಾವು ಶುರುವಾಗಿದೆಯೇ ಎಂಬ ಸಂಶಯ ಬರುತ್ತದೆ. ಒಂದೆರಡು ಹಸು ಸಾಕುವ ಮನೆಗೆ ಡೈರಿಯ ಲೆಕ್ಕವೇ ಹಸುವಿನ ಆರೋಗ್ಯದ ಪುಸ್ತಕ. ಆ ಪುಸ್ತಕ ಕಳೆದುಹೋದರೆ ನನಗೂ ಕತ್ತಲೆ.

ಆ ಕಂಪ್ಯೂಟರಿನಲ್ಲಿ ಇರುವುದು ಏನು?

ನೀವು ಹಾಲು ಸುರಿದಾಗ ತಕ್ಕಡಿ ತೂಕ ಹೇಳುತ್ತದೆ, ಪರೀಕ್ಷಾ ಯಂತ್ರ ಜಿಡ್ಡು ಮತ್ತು ಎಸ್‌ಎನ್‌ಎಫ್ ಹೇಳುತ್ತದೆ, ಕಂಪ್ಯೂಟರ್ ಅವೆರಡನ್ನೂ ದರಪಟ್ಟಿಗೆ ಹೊಂದಿಸಿ ನಿಮ್ಮ ಸಂಖ್ಯೆಯ ಎದುರು ಹಣ ಬರೆಯುತ್ತದೆ. ಬಟವಾಡೆ ಆಗುವುದು ಈ ಲೆಕ್ಕದಿಂದ. ರಾಜ್ಯ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ನಿಮ್ಮ ಖಾತೆಗೆ ಬರುವುದೂ ಸಂಘ ಕಳಿಸುವ ಈ ಲೆಕ್ಕದ ಆಧಾರದಲ್ಲೇ.

ಇಷ್ಟಕ್ಕೇ ಮುಗಿಯಲಿಲ್ಲ. ವರ್ಷದ ಕೊನೆಯ ಬೋನಸ್ ಹಂಚುವುದು ಯಾರು ಎಷ್ಟು ಹಾಲು ಹಾಕಿದರು ಎಂಬುದರ ಮೇಲೆ. ಹಸು ಕೊಳ್ಳಲು ಬ್ಯಾಂಕಿನಲ್ಲಿ ಸಾಲ ಕೇಳಿದರೆ, ಅಥವಾ ಹೈನುಗಾರಿಕೆಗೂ ಸಿಗುವ ಕಿಸಾನ್ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದರೆ, ಹಾಲು ಹಾಕುತ್ತಿರುವುದಕ್ಕೆ ನೀವು ತೋರಿಸಬಹುದಾದ ದಾಖಲೆ ಇದೇ. ಹೆಸರಿನಲ್ಲಿ ಜಮೀನಿನ ಪಹಣಿ ಇಲ್ಲದ ಹೆಣ್ಣುಮಗಳಿಗೆ ತನ್ನ ದುಡಿಮೆಯನ್ನು ಕಾಗದದ ಮೇಲೆ ತೋರಿಸುವ ದಾರಿ ಎಷ್ಟಿದೆ ನೀವೇ ಯೋಚಿಸಿ.

ಎಲ್ಲಕ್ಕಿಂತ ದೊಡ್ಡದು ಮತದ ಹಕ್ಕು. ಉಪನಿಯಮದಲ್ಲಿ ಹೇಳಿದಷ್ಟು ದಿನ, ಹೇಳಿದಷ್ಟು ಲೀಟರ್ ಹಾಲು ಹಾಕಿದ ಸದಸ್ಯರಿಗೆ ಮಾತ್ರ ಸಂಘದ ಚುನಾವಣೆಯಲ್ಲಿ ಮತ. ಲೆಕ್ಕ ಹೋದರೆ, ನೀವು ಮಳೆಯಲ್ಲಿ ನೆನೆದುಕೊಂಡು ಹಾಲು ಹೊತ್ತು ಹೋದ ಆ ದಿನಗಳಿಗೆ ಸಾಕ್ಷಿ ಯಾರು?

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ. ದಿನಕ್ಕೆ 8 ಲೀಟರ್ ಹಾಕುವವರು ನೀವು. ಹತ್ತು ದಿನದ ಲೆಕ್ಕ ಅಳಿಸಿಹೋಯಿತು. 80 ಲೀಟರಿಗೆ 35 ರೂಪಾಯಿಯಂತೆ ಹಿಡಿದರೆ 2,800, ಪ್ರೋತ್ಸಾಹಧನ 400, ಒಟ್ಟು 3,200 ರೂಪಾಯಿ. ಇಂಥ 100 ಸದಸ್ಯರಿರುವ ಸಂಘಕ್ಕೆ ಅದು 3,20,000 ರೂಪಾಯಿ. ಅಷ್ಟು ಹಣದ ಲೆಕ್ಕ ಒಂದೇ ಪೆಟ್ಟಿಗೆಯಲ್ಲಿ ಕೂತಿದೆ.

ನಮ್ಮ ಕಡೆ ಕಂಪ್ಯೂಟರ್ ಕೆಡುವುದು ಹೇಗೆ?

ಮೊದಲ ಶತ್ರು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಮಳೆ ಬರುವುದು ಸರಿಯಾಗಿ ಹಾಲು ಹಾಕುವ ಹೊತ್ತಿಗೆ. ಸಿಡಿಲು ಕಟ್ಟಡಕ್ಕೇ ಬಡಿಯಬೇಕೆಂದಿಲ್ಲ. ದೂರದ ಕಂಬಕ್ಕೆ ಬಡಿದರೂ ಕರೆಂಟಿನ ತಂತಿಯಲ್ಲಿ, ಇಂಟರ್ನೆಟ್ಟಿನ ತಾಮ್ರದ ಕೇಬಲ್ಲಿನಲ್ಲಿ ಹರಿದು ಬಂದು ಒಳಗಿನದನ್ನು ಸುಡುತ್ತದೆ. ಎರಡನೆಯದು ಥಂಡಿ. ಹೊಸನಗರ, ತೀರ್ಥಹಳ್ಳಿ, ಸಾಗರದ ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಕಂಪ್ಯೂಟರ್ ಬಿಡುತ್ತದೆಯೇ? ಬೆಚ್ಚಗಿನ ಜಾಗ ಹುಡುಕಿಕೊಂಡು ಇರುವೆ, ಹಲ್ಲಿ ಒಳಗೆ ಸೇರುತ್ತವೆ. ವೈರು ಕಡಿಯಲು ಇಲಿ ಇದ್ದೇ ಇದೆ. ಹೋಗಿ ಬಂದು ಮಾಡುವ ಕರೆಂಟು ಬೇರೆ.

ಇವು ಯಾವುವೂ ಇಲ್ಲದಿದ್ದರೂ ಲೆಕ್ಕ ಇಟ್ಟುಕೊಳ್ಳುವ ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಸವೆದು ನಿಲ್ಲುತ್ತದೆ. ಎಲ್ಲೆಲ್ಲೋ ಹಾಕಿ ತಂದ ಪೆನ್‌ಡ್ರೈವ್‌ನಿಂದ ವೈರಸ್ ಬರಬಹುದು. ಅವಸರದಲ್ಲಿ ಕೈತಪ್ಪಿ ಯಾರಾದರೂ ಅಳಿಸಿಯೂಬಿಡಬಹುದು.

ಒಂದು ಸಮಾಧಾನ ಇದೆ. ಕಂಪ್ಯೂಟರ್ ನಿಂತರೂ ಆವತ್ತಿನ ಹಾಲು ನಿಲ್ಲಬೇಕಾಗಿಲ್ಲ. ಪರೀಕ್ಷಾ ಯಂತ್ರ ತನ್ನ ಪರದೆಯ ಮೇಲೇ ಜಿಡ್ಡು ತೋರಿಸುತ್ತದೆ, ತಕ್ಕಡಿಯೂ ಹಾಗೆಯೇ. ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಹಾಲು ತೆಗೆದುಕೊಳ್ಳಬಹುದು. ಹೋಗುವುದು ನಿನ್ನೆಯದು, ಮೊನ್ನೆಯದು, ಹೋದ ವರ್ಷದ್ದು. ಹೀಗಾಗಿ ಎರಡನೇ ಕಂಪ್ಯೂಟರಿನ ಮುಖ್ಯ ಕೆಲಸ ಹಳೆಯ ಲೆಕ್ಕವನ್ನು ಉಳಿಸುವುದು. ಹಾಲು ತೆಗೆದುಕೊಳ್ಳುವುದು ನಿಲ್ಲದಂತೆ ನೋಡುವುದು ಅದರ ನಂತರದ ಕೆಲಸ.

ಎರಡನೆಯದನ್ನು ದುಡಿಸುವ ಎರಡು ದಾರಿ

ಮೊದಲ ದಾರಿ ಸುಲಭದ್ದು. ಎರಡನೇ ಕಂಪ್ಯೂಟರ್ ಸುಮ್ಮನೆ ಸಿದ್ಧವಾಗಿ ಇರುತ್ತದೆ. ದಿನಾ ರಾತ್ರಿ ಹಾಲು ಮುಗಿದ ಮೇಲೆ ಆ ದಿನದ ಲೆಕ್ಕದ ನಕಲನ್ನು ಅದಕ್ಕೆ ಹಾಕುತ್ತಾರೆ. ಮೊದಲನೆಯದು ಕೆಟ್ಟರೆ ಇದನ್ನು ಕೌಂಟರಿಗೆ ತಂದು ತಕ್ಕಡಿ, ಪರೀಕ್ಷಾ ಯಂತ್ರದ ವೈರು ಚುಚ್ಚಿದರೆ ಆಯಿತು. ಹೆಚ್ಚೆಂದರೆ ಒಂದು ದಿನದ ಲೆಕ್ಕ ಹೋದೀತು. ಅದನ್ನು ಚೀಟಿ ನೋಡಿ ತುಂಬಿಕೊಳ್ಳಬಹುದು.

ಎರಡನೇ ದಾರಿಯಲ್ಲಿ ಎರಡೂ ಕಂಪ್ಯೂಟರ್ ವೈರಿನಿಂದ ಜೋಡಿಸಿಕೊಂಡು ಒಟ್ಟಿಗೇ ಓಡುತ್ತವೆ. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರುತ್ತದೆ, ಕನ್ನಡಿಯ ಹಾಗೆ. ಕೌಂಟರ್ ಎರಡು ಮೂರು ಇರುವ, ಹಾಲು ತಂಪು ಮಾಡುವ ಬಿಎಂಸಿ ಇರುವ ದೊಡ್ಡ ಸಂಘಗಳಿಗೆ ಇದು ಹೊಂದುತ್ತದೆ. ಆದರೆ ಇದನ್ನು ನೋಡಿಕೊಳ್ಳಲು ತಿಳಿದವರು ಬೇಕು, ಖರ್ಚೂ ಹೆಚ್ಚು.

ಕನ್ನಡಿಗೆ ಒಂದು ದೋಷ ಇದೆ. ಮುಖಕ್ಕೆ ಮಸಿ ಮೆತ್ತಿಕೊಂಡರೆ ಕನ್ನಡಿಯಲ್ಲೂ ಮಸಿಯೇ. ಮೊದಲನೆಯದರಲ್ಲಿ ಕೈತಪ್ಪಿ ಅಳಿಸಿದ ಲೆಕ್ಕ ಎರಡನೆಯದರಲ್ಲೂ ಅಳಿಸಿಹೋಗುತ್ತದೆ. ಜೋಡಿಸಿದ ವೈರಿನಲ್ಲೇ ವೈರಸ್ಸೂ ದಾಟುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ದೆಹಲಿಯ ಏಮ್ಸ್ ಆಸ್ಪತ್ರೆ. 2022ರ ನವೆಂಬರ್ 23ರಂದು ಅಲ್ಲಿನ ಸರ್ವರ್‌ಗಳಿಗೆ ಹಣ ಸುಲಿಯುವ ವೈರಸ್ ನುಗ್ಗಿತು. ಐದು ಸರ್ವರ್‌ಗಳ ಮಾಹಿತಿಗೆ ಬೀಗ ಬಿತ್ತು. ರೋಗಿಗಳ ನೋಂದಣಿ, ಚೀಟಿ, ವರದಿ ಎಲ್ಲವನ್ನೂ ಎಷ್ಟೋ ದಿನ ಕೈಬರಹದಲ್ಲಿ ನಡೆಸಬೇಕಾಯಿತು. ಕೊನೆಗೆ ಮಾಹಿತಿ ಮರಳಿ ಸಿಕ್ಕಿದ್ದು ವೈರಸ್ ಮುಟ್ಟದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಅಷ್ಟು ದೊಡ್ಡ ಆಸ್ಪತ್ರೆಯನ್ನು ಕಾಪಾಡಿದ್ದು ಸೋಂಕು ತಗಲದೆ ಉಳಿದ ಒಂದೇ ಒಂದು ನಕಲು.

ಕಾಲುಬಾಯಿ ಜ್ವರ ಬಂದಾಗ ನಾವು ಮಾಡುವುದೂ ಇದನ್ನೇ. ರೋಗದ ದನವನ್ನೂ ಒಳ್ಳೆಯ ದನವನ್ನೂ ಒಂದೇ ಗೋದಲೆಗೆ ಕಟ್ಟುವುದಿಲ್ಲ. ಹಾಗೆಯೇ ಒಂದು ನಕಲು ಯಾವ ವೈರಿಗೂ ಸಿಕ್ಕದೆ ಬೇರೆಯಾಗಿರಬೇಕು. ವಾರಕ್ಕೊಮ್ಮೆ ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಲೆಕ್ಕ ತುಂಬಿ, ತಾರೀಕು ಬರೆದು, ಕಳಚಿ ಬೀರುವಿನಲ್ಲಿಡಲಿ. ಎರಡು ಡಿಸ್ಕ್ ಇಟ್ಟುಕೊಂಡು ಒಂದು ವಾರ ಒಂದು, ಮರುವಾರ ಇನ್ನೊಂದು ಮಾಡಿದರೆ ಮತ್ತೂ ಒಳ್ಳೆಯದು. ಅದರಲ್ಲೊಂದು ಸಂಘದ ಕಟ್ಟಡದಿಂದ ಆಚೆ ಇರಲಿ.

ಯಜಮಾನಿಕೆ ಒಂದಕ್ಕೇ ಇರಲಿ

ಎರಡು ಕಂಪ್ಯೂಟರ್ ಇರುವಲ್ಲಿ ಹೊಸದೊಂದು ಗೊಂದಲ ಹುಟ್ಟುತ್ತದೆ. ಬೆಳಿಗ್ಗೆ ಒಂದರಲ್ಲಿ ಬರೆದು, ಅದು ತಕರಾರು ಮಾಡಿತೆಂದು ಸಂಜೆ ಇನ್ನೊಂದರಲ್ಲಿ ಬರೆದು, ಮರುದಿನ ಸರಿಯಾಯಿತೆಂದು ಮತ್ತೆ ಮೊದಲನೆಯದಕ್ಕೇ ಬಂದರೆ ಅರ್ಧ ಲೆಕ್ಕ ಅಲ್ಲಿ, ಅರ್ಧ ಇಲ್ಲಿ. ಎರಡನ್ನೂ ಕೂಡಿಸುವಾಗ ಒಬ್ಬರ ಹಾಲು ಎರಡು ಸಲ ಸೇರುತ್ತದೆ, ಇನ್ನೊಬ್ಬರದು ಬಿಟ್ಟೇಹೋಗುತ್ತದೆ.

ಹಾಗಾಗಿ ಯಾವಾಗಲೂ ಒಂದು ಮಾತ್ರ ಯಜಮಾನ. ಅದು ಕೆಟ್ಟಾಗ ಎರಡನೆಯದಕ್ಕೆ ಯಜಮಾನಿಕೆ ಕೊಟ್ಟ ದಿನ, ಹೊತ್ತು, ಕೊಟ್ಟವರ ಸಹಿ ಒಂದು ಪುಸ್ತಕದಲ್ಲಿ ಇರಬೇಕು. ಕೆಟ್ಟದ್ದು ದುರಸ್ತಿಯಾಗಿ ಬಂದ ಮೇಲೆ ಅದರಲ್ಲಿ ಹೊಸ ಲೆಕ್ಕವನ್ನು ಪೂರ್ತಿ ತುಂಬುವ ತನಕ ಅದರಿಂದ ಒಂದು ಚೀಟಿಯನ್ನೂ ಕೊಡಬಾರದು. ಎರಡರಲ್ಲಿಯೂ ತಾರೀಕು, ಗಂಟೆ ಒಂದೇ ಇರಬೇಕು. ಗಡಿಯಾರ ತಪ್ಪಿದರೆ ಸಂಜೆ ಹಾಲು ಬೆಳಗಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮರೆಯುವುದು ದರಪಟ್ಟಿಯನ್ನು

ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಪೆಟ್ಟು ಬೀಳುವುದು ಇಲ್ಲೇ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದ್ದು ನಿಮಗೆ ನೆನಪಿದೆ. ಆ ಏರಿಕೆ ಉತ್ಪಾದಕರಿಗೇ ಸೇರಬೇಕೆಂದು ಸರ್ಕಾರ ಹೇಳಿತ್ತು. ಇಂಥ ಬದಲಾವಣೆ ಬಂದಾಗ ಬಳಸುವ ಕಂಪ್ಯೂಟರಿನಲ್ಲಿ ದರಪಟ್ಟಿ ತಿದ್ದುತ್ತಾರೆ. ಮೂಲೆಯಲ್ಲಿ ಕೂತ ಎರಡನೆಯದರ ನೆನಪು ಯಾರಿಗೂ ಆಗುವುದಿಲ್ಲ. ಆರು ತಿಂಗಳ ಮೇಲೆ ಅದನ್ನು ಹೊರಗೆ ತೆಗೆದ ದಿನ ಅದು ಹಳೆಯ ದರದಲ್ಲೇ ಚೀಟಿ ಕೊಡುತ್ತದೆ. ಹೊಸ ಸದಸ್ಯರ ಸಂಖ್ಯೆ, ಬದಲಾದ ಬ್ಯಾಂಕ್ ಖಾತೆ ಕೂಡ ಹಾಗೆಯೇ. ಒಂದರಲ್ಲಿ ತಿದ್ದಿದ್ದನ್ನು ಅದೇ ದಿನ ಇನ್ನೊಂದರಲ್ಲೂ ತಿದ್ದಬೇಕು ಎಂಬ ನಿಯಮ ಗೋಡೆಯ ಮೇಲೆ ಇರಲಿ.

ಕೊಳ್ಳುವ ಮುಂಚೆ ಇನ್ನೊಂದನ್ನು ನೋಡಬೇಕು. ಹಳೆಯ ಪರೀಕ್ಷಾ ಯಂತ್ರ, ತಕ್ಕಡಿಗಳ ವೈರು ಹೊಸ ಕಂಪ್ಯೂಟರಿಗೆ ಹೊಂದದಿರಬಹುದು, ನಡುವೆ ಬೇರೆ ಜೋಡಣೆ ಬೇಕಾಗಬಹುದು. ಹಾಲಿನ ಲೆಕ್ಕದ ತಂತ್ರಾಂಶವನ್ನು ಎರಡನೇ ಯಂತ್ರಕ್ಕೆ ಹಾಕಲು ಬೇರೆ ಪರವಾನಗಿ ಬೇಕೇ ಎಂದೂ ಮೊದಲೇ ಕೇಳಿಕೊಳ್ಳಬೇಕು.

ಎಲ್ಲಿ ಇಡಬೇಕು?

ಎರಡನ್ನೂ ಒಂದೇ ಮೇಜಿನ ಮೇಲೆ, ಒಂದೇ ಪ್ಲಗ್ಗಿನಲ್ಲಿ ಇಟ್ಟರೆ ಒಂದೇ ಸಿಡಿಲಿಗೆ ಎರಡೂ ಹೋಗುತ್ತವೆ. ಎರಡನೆಯದು ಬೇರೆ ಕೋಣೆಯಲ್ಲಿರಲಿ, ಅದಕ್ಕೆ ಬೇರೆ ಯುಪಿಎಸ್ ಇರಲಿ. ಬಳಸದ ಹೊತ್ತಿನಲ್ಲಿ ಪ್ಲಗ್ ಕಿತ್ತಿಡಲಿ, ಇಂಟರ್ನೆಟ್ ವೈರನ್ನೂ ಸೇರಿಸಿ. ಸ್ವಿಚ್ ಆರಿಸಿದರೆ ಸಿಡಿಲಿಗೆ ಸಾಲದು. ಕಟ್ಟಡದ ಅರ್ಥಿಂಗ್ ಸರಿಯಿದೆಯೇ ಎಂದು ಮಳೆಗಾಲಕ್ಕೆ ಮುಂಚೆ ಎಲೆಕ್ಟ್ರಿಷಿಯನ್ ಒಮ್ಮೆ ನೋಡಲಿ. ನೆಲದ ಮೇಲೆ ಇಡುವುದು ಬೇಡ, ಹೊರಗೋಡೆಗೆ ತಾಗಿಸುವುದೂ ಬೇಡ. ಮಳೆಗಾಲದಲ್ಲಿ ವಾರಕ್ಕೆ ಒಂದೆರಡು ಗಂಟೆಯಾದರೂ ಓಡಿಸಿದರೆ ತನ್ನ ಬಿಸಿಗೇ ಥಂಡಿ ಆರುತ್ತದೆ.

ಸತ್ತ ಕಡ್ಡಿ ನೋಡಲು ಬದುಕಿದ ಹಾಗೇ ಇರುತ್ತದೆ

ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ನಾವು ದ್ರವ ಸಾರಜನಕದಲ್ಲಿ ಇಡುತ್ತೇವೆ. ಅದರ ಶೀತ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಜಾಡಿಯಲ್ಲಿ ಸಾರಜನಕ ಆರಿಹೋದರೆ ಕಡ್ಡಿಗಳು ಸಾಯುತ್ತವೆ, ಆದರೆ ನೋಡಲು ಏನೂ ವ್ಯತ್ಯಾಸ ಇಲ್ಲ. ಅದೇ ಬಣ್ಣ, ಅದೇ ಅಕ್ಷರ. ಅದನ್ನೇ ಹಸುವಿಗೆ ಕೊಟ್ಟರೆ 21 ದಿನ ಕಳೆದು ಮತ್ತೆ ಬೆದೆಗೆ ಬಂದಾಗಲೇ ಎಲ್ಲರಿಗೂ ಗೊತ್ತಾಗುವುದು. ಅದಕ್ಕೇ ಆಗಾಗ ಅಳತೆಕೋಲು ಅದ್ದಿ ಸಾರಜನಕ ಎಷ್ಟಿದೆ ಎಂದು ನೋಡುತ್ತೇವೆ.

ಪರೀಕ್ಷಿಸದ ನಕಲು ಅಂಥ ಕಡ್ಡಿ. ದಿನಾ ರಾತ್ರಿ ನಕಲು ತೆಗೆಯುತ್ತಿದ್ದೇವೆ ಎಂಬ ನಂಬಿಕೆ ಇರುತ್ತದೆ. ಬೇಕಾದ ದಿನ ತೆರೆದರೆ ಒಳಗೆ ಏನೂ ಇಲ್ಲ, ಅಥವಾ ಮೂರು ತಿಂಗಳ ಹಿಂದೆಯೇ ನಿಂತುಹೋಗಿದೆ. ಇದಕ್ಕೆ ಅಳತೆಕೋಲು ಬಹಳ ಸರಳ. ಮೂರು ತಿಂಗಳಿಗೊಮ್ಮೆ ಒಂದು ಬೆಳಗಿನ ಹಾಲನ್ನು ಎರಡನೇ ಕಂಪ್ಯೂಟರಿನಲ್ಲೇ ತೆಗೆದುಕೊಳ್ಳಲಿ, ಮುಗಿದ ಕೂಡಲೇ ಆ ಲೆಕ್ಕವನ್ನು ಮೊದಲನೆಯದಕ್ಕೆ ಸೇರಿಸಲಿ. ಯಾರಾದರೂ ಮೂವರು ಸದಸ್ಯರ ಹಳೆಯ ಲೆಕ್ಕವನ್ನು ನಕಲಿನಿಂದ ತೆಗೆದು ಅವರ ಚೀಟಿಗೆ ತಾಳೆ ನೋಡಲಿ. ತಾಳೆಯಾದರೆ ಎರಡನೆಯದು ಬದುಕಿದೆ.

ಸಣ್ಣ ಸಂಘಕ್ಕೂ ಬೇಕೇ?

ನಲವತ್ತು ಐವತ್ತು ಮನೆಯ ಹಾಲು ಬರುವ ಸಂಘ ಹೊಸ ಕಂಪ್ಯೂಟರಿಗೆ ಸಾಲ ಮಾಡಬೇಕಾಗಿಲ್ಲ. ತಾರೀಕು ಬರೆದ ಎರಡು ಹಾರ್ಡ್ ಡಿಸ್ಕ್, ದಿನಾ ಅಚ್ಚು ಹಾಕಿ ಕಡತಕ್ಕೆ ಸೇರಿಸಿದ ಒಂದು ಹಾಳೆ, ಕಂಪ್ಯೂಟರ್ ಕೆಟ್ಟ ದಿನಕ್ಕೆಂದು ಗೆರೆ ಹಾಕಿಟ್ಟ ಒಂದು ಪುಸ್ತಕ ಇದ್ದರೆ ಮುಕ್ಕಾಲು ಭಯ ಹೋಯಿತು. ಇರುವ ಹಳೆಯ ಕಂಪ್ಯೂಟರ್ ಓಡುತ್ತಿದ್ದರೆ ಅದನ್ನೇ ಎರಡನೆಯದು ಮಾಡಿಕೊಳ್ಳಬಹುದು. ಕೊಳ್ಳುವುದೇ ಆದರೂ ಕಚೇರಿಗೆ ಬಳಸುವ ಸಾಧಾರಣ ಕಂಪ್ಯೂಟರ್ ಸಾಕು. ದೊಡ್ಡ ಹೆಸರಿನ ಸರ್ವರ್ ಮಾರಲು ಬಂದವರಿಗೆ "ನಮ್ಮ ಡೈರಿ ಇಷ್ಟೇ" ಎಂದು ಹೇಳಿ ಕಳಿಸಬಹುದು.

ಕೆಲವು ಕಡೆ ಲೆಕ್ಕ ಇಂಟರ್ನೆಟ್ ಮೂಲಕ ದೂರದ ಸರ್ವರಿಗೂ ಹೋಗುತ್ತದೆ. ಅದು ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದ ದಿನಗಳ ಲೆಕ್ಕ ನಿಮ್ಮ ಊರಿನ ಕಂಪ್ಯೂಟರಿನಲ್ಲೇ ಕೂತಿರುತ್ತದೆ. ಸಿಡಿಲು ಬರುವುದೂ ಅದೇ ದಿನಗಳಲ್ಲಿ.

ಮಹಾಸಭೆಯಲ್ಲಿ ಕೇಳಿ

ಸೆಪ್ಟೆಂಬರ್ ಒಳಗೆ ಸಂಘದ ವಾರ್ಷಿಕ ಮಹಾಸಭೆ ನಡೆಯುತ್ತದೆ. ಹಿಂದಿನ ಸಾಲಿನಲ್ಲಿ ಕೂತು ಕಾಫಿ ಕುಡಿದು ಬರುವುದು ಬೇಡ. ಷೇರು ನಿಮ್ಮದು, ಹಾಲು ನಿಮ್ಮದು, ಲೆಕ್ಕವೂ ನಿಮ್ಮದು. ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ನಮ್ಮ ಲೆಕ್ಕದ ನಕಲು ಎಷ್ಟಿದೆ, ಎಲ್ಲೆಲ್ಲಿ ಇದೆ?
2. ಕೊನೆಯ ನಕಲು ತೆಗೆದ ತಾರೀಕು ಯಾವುದು?
3. ಅದನ್ನು ತೆರೆದು ತಾಳೆ ನೋಡಿದ್ದು ಯಾವಾಗ, ನೋಡಿದವರು ಯಾರು?
4. ಕಾರ್ಯದರ್ಶಿಯವರು ರಜೆಯಲ್ಲಿದ್ದರೆ ಎರಡನೇ ಕಂಪ್ಯೂಟರ್ ನಡೆಸಲು ಇನ್ನೊಬ್ಬರಿಗೆ ಬರುತ್ತದೆಯೇ?
5. ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇದೆಯೇ? ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿಯೂ ಇದೆಯೇ?
6. ಹೊಸದು ತರುವುದಾದರೆ ಎಷ್ಟು ಕಡೆಯಿಂದ ದರ ತರಿಸಿದ್ದೀರಿ? ದುರಸ್ತಿಗೆ ಬರುವವರು ಎಲ್ಲಿಯವರು?

ಕೇಳಿದರೆ ಕಾರ್ಯದರ್ಶಿಯವರ ಮೇಲೆ ಅನುಮಾನ ಪಟ್ಟ ಹಾಗೆ ಆಗುವುದಿಲ್ಲ. ಯಂತ್ರ ಕೆಟ್ಟ ದಿನ ಎಲ್ಲರ ಬಾಯಿಗೂ ಸಿಕ್ಕುವವರು ಅವರೇ. ನಕಲು ಇದ್ದರೆ ಅವರ ಮಾನವೂ ಉಳಿಯುತ್ತದೆ.

ಮನೆಯಲ್ಲಿ ನೀವು ಮಾಡಬೇಕಾದದ್ದು

ಹಾಲಿನ ಚೀಟಿ ಎಟಿಎಂ ಚೀಟಿಯಂಥ ನುಣುಪು ಕಾಗದದ್ದಾಗಿದ್ದರೆ ಅದರ ಅಕ್ಷರ ಉಳಿಯುವುದಿಲ್ಲ. ಒಲೆಯ ಹತ್ತಿರ ಸಿಕ್ಕಿಸಿದರೆ ಕಪ್ಪಾಗುತ್ತದೆ, ಸುಮ್ಮನೆ ಇಟ್ಟರೂ ಕೆಲವು ತಿಂಗಳಲ್ಲಿ ಮಾಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಆ ಬಿಸಿಗೇ ಪೂರ್ತಿ ಕಪ್ಪು. ಅದಕ್ಕೇ ಒಂದು ನೋಟ್‌ಬುಕ್ ಇಡಿ. ತಾರೀಕು, ಹೊತ್ತು, ಲೀಟರ್, ಜಿಡ್ಡು, ಎಸ್‌ಎನ್‌ಎಫ್, ಹಣ ಇಷ್ಟನ್ನೂ ದಿನಾ ಬರೆಯಿರಿ. ನಿಮಗೆ ಬಿಡುವಿಲ್ಲದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿ. ಅದೇ ಪುಸ್ತಕದ ಮೊದಲ ಹಾಳೆಯಲ್ಲಿ ನಿಮ್ಮ ಒಂದೊಂದು ಹಸುವಿನ ಕಿವಿಯೋಲೆಯ 12 ಅಂಕಿ, ಬೆದೆಗೆ ಬಂದ ದಿನ, ಇಂಜೆಕ್ಷನ್ ಮಾಡಿಸಿದ ದಿನ ಬರೆದಿಡಿ. ಓಲೆ ಬಿದ್ದುಹೋದಾಗ, ವಿಮೆಯ ಹಣ ಕೇಳುವಾಗ ಮೊದಲು ಬೇಕಾಗುವುದು ಆ ಸಂಖ್ಯೆಯೇ.

ಸಂಘದಲ್ಲಿ ಎರಡು ಕಂಪ್ಯೂಟರ್ ಬಂದರೂ ನಿಮ್ಮ ನೋಟ್‌ಬುಕ್ ನಿಲ್ಲಿಸಬೇಡಿ. ಅಲ್ಲಿಯ ಎರಡೂ ಲೆಕ್ಕ ತಪ್ಪಿದ ದಿನ ಸರಿಯಾದದ್ದು ಯಾವುದೆಂದು ಹೇಳುವುದು ಆ ಪುಸ್ತಕ. ಮುಂದಿನ ಸಲ ನಾನು ನಿಮ್ಮ ಕೊಟ್ಟಿಗೆಗೆ ಬಂದಾಗ ಕೇಳುವುದೂ ಅದನ್ನೇ.